ಮೂಗಿಗೆ ಸಿಗದ ವಾಸನೆ

ಹಾಲಿನ ಡೇರಿಯಲ್ಲಿ ಅವಳನ್ನು ಮೂಗಕ್ಕ ಎಂದು ಕರೆಯುತ್ತಿದ್ದರು, ಎದುರಿಗೂ ಹಾಗೇ, ಬೆನ್ನ ಹಿಂದೆಯೂ ಹಾಗೇ. ಮೂಗೇನೂ ಹೇಳಿಕೊಳ್ಳುವಂಥದ್ದಲ್ಲ, ತುದಿ ಮೊಂಡು, ನೆಗಡಿಯಾದರೆ ಎಲ್ಲರ ಮೂಗಿನ ಹಾಗೇ ಸೋರುವಂಥದ್ದು. ಆದರೆ ಅವಳ ಅನ್ನ ಇದ್ದದ್ದು ಅದರಲ್ಲೇ. ಬೆಳಗಿನ ಲಾರಿಗಳು ಬಂದು ಕ್ಯಾನುಗಳನ್ನು ಕಟ್ಟೆಯ ಮೇಲೆ ಇಳಿಸಿದ ಕೂಡಲೇ ಅವಳು ಒಂದೊಂದರ ಮುಚ್ಚಳ ಎತ್ತಿ, ಬಗ್ಗಿ, ಮೊದಲ ಉಸಿರಿಗೇ ಮೂಸಬೇಕು. ಮುಚ್ಚಳದಡಿ ಕೂಡಿಕೊಂಡ ವಾಸನೆ ಎರಡನೇ ಉಸಿರಿನವರೆಗೆ ಕಾಯುವುದಿಲ್ಲ. ಹುಳಿ, ಮುಗ್ಗಲು, ಕೊಟ್ಟಿಗೆ, ಬಿಸಿಲಲ್ಲಿ ನಿಂತ ಹಾಲಿನ ಒಂಥರಾ ಸುಟ್ಟ ರಬ್ಬರು, ಸರಿಯಾಗಿ ಗಲಬರಿಸದ ಕ್ಯಾನಿನ ಸೋಪು, ಎಲ್ಲವನ್ನೂ ಆ ಒಂದು ಉಸಿರಿನಲ್ಲಿ ಹಿಡಿಯುತ್ತಿದ್ದಳು. ಅನುಮಾನವಾದರೆ ಸೌಟಿನಲ್ಲಿ ಸ್ವಲ್ಪ ಎತ್ತಿ ನಾಲಿಗೆಗೆ ಹಾಕಿ ಉಗಿಯುತ್ತಿದ್ದಳು. ಕೆಟ್ಟಿದ್ದರೆ ‘ವಾಪಸ್’ ಎಂದು ಕ್ಯಾನಿಗೆ ಕಾಲಿನಿಂದ ಒಂದು ತಟ್ಟು. ಲಾರಿಯವರು ಹಲ್ಲು ಗಿಂಜುತ್ತಿದ್ದರು. ಒಂದು ಕ್ಯಾನು ತಾನೆ ಅಕ್ಕಾ, ದೊಡ್ಡ ತೊಟ್ಟಿಗೆ ಬಿದ್ದರೆ ಯಾರಿಗೆ ಗೊತ್ತಾಗುತ್ತದೆ ಎನ್ನುತ್ತಿದ್ದರು. ಅವಳು ಅವರ ಮುಖವನ್ನೂ ಕೆಟ್ಟ ಹಾಲನ್ನು ನೋಡಿದ ಹಾಗೇ ನೋಡುತ್ತಿದ್ದಳು.

ದಿನವಿಡೀ ಕೆಟ್ಟದ್ದನ್ನೇ ಹುಡುಕುವವಳು ಮನೆಗೆ ಬಂದಮೇಲೆ ಹೂವು ಮೂಸುತ್ತಾ ಕೂರುತ್ತಾಳೆ ಅಂದುಕೊಂಡಿರಾ? ಅವಳಿಗೆ ಬಸ್ಸಿನ ಕಂಬಿ ಹೇಸಿಗೆ, ಕಂಬಿ ಹಿಡಿದು ನಿಂತವನ ಕಂಕುಳು ಹೇಸಿಗೆ, ಬೆರಳಿಗೆ ಎಂಜಲು ಹಚ್ಚಿ ಚೀಲ ಬಿಡಿಸಿಕೊಡುವ ಅಂಗಡಿಯವನು ಹೇಸಿಗೆ. ಮೇಲಿನ ಮನೆಯವರು ಮೆಟ್ಟಿಲು ಒರೆಸಿ ಕಟಕಟೆಗೆ ಹಾಕುವ ಬಟ್ಟೆಯನ್ನು ಕಂಡರೆ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ. ಆದರೆ ಇವೆಲ್ಲಕ್ಕಿಂತ ಹೇಸಿಗೆಯೆಂದರೆ ಸುಳ್ಳು. ಕೆಟ್ಟದ್ದನ್ನು ಚೆನ್ನಾಗಿದೆ ಅನ್ನುವ ಬಾಯಿಗಿಂತ ಚರಂಡಿ ಮೇಲು ಎಂದು ಅವಳು ಹೇಳಿದ್ದನ್ನು ಕೇಳಿಸಿಕೊಳ್ಳದವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ.

ಇದನ್ನೆಲ್ಲ ಅವಳಿಗೆ ಕಲಿಸಿದ್ದು ಅತ್ತೆ. ಅವಳಿಗಿಂತ ಮೊದಲು ಆ ಕಟ್ಟೆಯ ಮೇಲೆ ಕ್ಯಾನು ಮೂಸುತ್ತಿದ್ದವರು ಅವರೇ. ಮದುವೆಯಾಗಿ ಬಂದ ಹೊಸತರಲ್ಲಿ ಸೊಸೆಯನ್ನು ಅಡುಗೆಮನೆಯಲ್ಲಿ ಕೂರಿಸಿ, ಕಣ್ಣಿಗೆ ಬಟ್ಟೆ ಕಟ್ಟಿ, ಲೋಟ ಲೋಟ ಹಾಲು ಮೂಸಿಸಿ, ಇವತ್ತಿನದ್ಯಾವುದು, ನಿನ್ನೆಯದ್ಯಾವುದು, ಹಸಿ ಪಾತ್ರೆಗೆ ಹಾಕಿದ್ದು ಯಾವುದು ಎಂದು ಪಾಠ ಮಾಡಿದವರು. ಸೋಪು ಹಚ್ಚುವುದಾದರೆ ವಾಸನೆಯಿಲ್ಲದ ಬಟ್ಟೆ ಸೋಪು ಹಚ್ಚು, ಪೌಡರು ಬೇಡ, ತಲೆಗೆ ಘಮಘಮ ಎಣ್ಣೆ ಬೇಡ, ನಮ್ಮ ಮೈ ವಾಸನೆಯೇ ನಮ್ಮ ಮೂಗಿಗೆ ಅಡ್ಡ ಬರಬಾರದು ಎಂದವರು. ಅತ್ತೆ ಸೊಸೆ ಅಂದರೆ ಎಣ್ಣೆ ಸೀಗೆಕಾಯಿ ಎಂದು ಊರೆಲ್ಲ ಹೇಳಲಿ, ಈ ಮನೆಯಲ್ಲಿ ಇಬ್ಬರೂ ಸೇರಿ ಉಳಿದ ಲೋಕವನ್ನು ಹೇಸುತ್ತಾ ಸುಖವಾಗಿದ್ದರು.

ಗಂಡ ಬೀದಿಗೆ ಬಾಗಿಲಿದ್ದ ಮುಂದಿನ ಕೋಣೆಯಲ್ಲಿ ಸೈಕಲ್ ರಿಪೇರಿ ಮಾಡುತ್ತಿದ್ದ. ಬೆಂಡಾದ ಚಕ್ರವನ್ನು ಕವೆಗೆ ಸಿಕ್ಕಿಸಿ, ತಿರುಗಿಸಿ, ಒಂದು ಕಡ್ಡಿ ಬಿಗಿ ಮಾಡಿ ಇನ್ನೊಂದು ಸಡಿಲ ಮಾಡಿ ನೆಟ್ಟಗೆ ಮಾಡುವುದರಲ್ಲಿ ಅವನನ್ನು ಸರಿಗಟ್ಟುವವರಿರಲಿಲ್ಲ. ಮಾತು ಕಡಿಮೆ, ನಗು ಜಾಸ್ತಿ, ಹೆಂಡತಿಯ ಮೂಗಿನ ಕಾಟವನ್ನೆಲ್ಲ ನಗುನಗುತ್ತಾ ಸಹಿಸಿಕೊಂಡ ಮನುಷ್ಯ. ಅವನಿಗೆ ಒಂದು ದಿನ ಜ್ವರ ಬಂತು. ಬರೀ ಜ್ವರ ಎಂದುಕೊಂಡರು. ಅದು ಮಿದುಳಿಗೆ ಏರಿತ್ತು. ಆಸ್ಪತ್ರೆಯಲ್ಲಿ ಅವನು ಎಚ್ಚರವಿಲ್ಲದೆ ಮಲಗಿದ್ದ ಆ ದಿನಗಳಲ್ಲೇ ಇತ್ತ ಮನೆಯಲ್ಲಿ ಅತ್ತೆ ಹಾಸಿಗೆ ಹಿಡಿದರು. ಮೂಗಕ್ಕ ಅಲ್ಲಿಗೂ ಇಲ್ಲಿಗೂ ಓಡಾಡಿದಳು. ಗಂಡ ಉಳಿದ, ಅತ್ತೆ ಹೋದರು. ಹೋಗುವಾಗ ಅವರ ಬಾಯಿಗೆ ನೀರು ಬಿಟ್ಟವಳು, ಮೈ ತೊಳೆದವಳು, ಗಂಡನ ತಂಗಿ ಅಣ್ಣನ ಹತ್ತಿರ ಆಸ್ಪತ್ರೆಯಲ್ಲಿ ಇದ್ದುದರಿಂದ ಒಬ್ಬಳೇ ನಿಂತು ಎಲ್ಲ ಮಾಡಿಸಿದವಳು ಇವಳು.

ಗಂಡ ಮನೆಗೆ ಬಂದ. ಮುಖ ಅದೇ, ನಗು ಅದೇ. ಜ್ವರಕ್ಕೆ ಮುಂಚಿನದೆಲ್ಲ ಅವನಿಗೆ ಗೊತ್ತು: ಹೆಂಡತಿ ಗೊತ್ತು, ತಂಗಿ ಗೊತ್ತು, ಯಾವ ಡಬ್ಬಿಯಲ್ಲಿ ಯಾವ ಅಳತೆಯ ಬೋಲ್ಟು ಇದೆ ಎಂಬುದೂ ಗೊತ್ತು. ಜ್ವರದ ಈಚಿನದು ಮಾತ್ರ ನಿಲ್ಲುವುದೇ ಇಲ್ಲ. ಊಟ ಮಾಡಿ ಕೈ ತೊಳೆದು ಬಂದು ಊಟ ಆಯಿತಾ ಎಂದು ಕೇಳುತ್ತಾನೆ. ಈಗ ಹೇಳಿದ್ದು ಒಲೆಯ ಮೇಲೆ ನೀರು ಕುದಿಯುವಷ್ಟು ಹೊತ್ತು ತಲೆಯಲ್ಲಿದ್ದರೆ ಹೆಚ್ಚು. ಆದರೂ ವಿಚಿತ್ರ ನೋಡಿ, ಅವನು ಬೀದಿಗೆ ಹೋಗಿ ದಾರಿ ತಪ್ಪಬಾರದೆಂದು ಅವಳು ಬಾಗಿಲಿಗೆ ಹೊಸ ಚಿಲಕ ಹಾಕಿಸಿದಳು, ಮೇಲಕ್ಕೆ ಒತ್ತಿ ಎಡಕ್ಕೆ ಎಳೆಯಬೇಕಾದ ಚಿಲಕ. ಮೊದಲು ತಡಕಾಡುತ್ತಿದ್ದ. ಕೆಲವು ವಾರ ಕಳೆಯುವುದರಲ್ಲಿ ಕೈ ತಾನಾಗಿ ಒತ್ತಿ ಎಳೆದು ತೆಗೆಯತೊಡಗಿತು. ಕೈ ತೆಗೆಯುತ್ತಿರುವಾಗಲೇ ಬಾಯಿ, ಇದ್ಯಾರು ಹಾಕಿದ್ದು, ನಾನು ನೋಡೇ ಇಲ್ಲವಲ್ಲ ಎನ್ನುತ್ತಿತ್ತು.

ಜನಕ್ಕೆ ಇದೊಂದು ಪುಕ್ಕಟೆ ಆಟವಾಯಿತು. ಯೋಗಕ್ಷೇಮ ವಿಚಾರಿಸುವ ನೆಪದಲ್ಲಿ ಬರುವವರು, ಕುರ್ಚಿ ಎಳೆದುಕೊಂಡು ಅವನ ಮುಂದೆ ಕೂತು, ನಾನು ಯಾರು ಹೇಳಿ ನೋಡೋಣ ಎಂದು ಶುರು ಮಾಡುವವರು. ಬೆಳಿಗ್ಗೆ ಏನು ತಿಂದಿರಿ, ನಿನ್ನೆ ಯಾರು ಬಂದಿದ್ದರು ಎಂದು ಕೇಳಿ, ಅವನು ಏನೋ ಒಂದು ಹೇಳಿದರೆ ಒಬ್ಬರ ಮುಖ ಒಬ್ಬರು ನೋಡಿ ನಗುವವರು. ಮೇಲಿನ ಮನೆಯ ಯಜಮಾನ ಬಾಗಿಲಾಚೆ ಹೋಗಿ ಮತ್ತೆ ಒಳಗೆ ಬಂದು, ಈಗ ತಾನೆ ಬಂದೆ ಅಂತ ಹೇಳಿ, ಅವನು ಮತ್ತೆ ಹೊಸದಾಗಿ ನಮಸ್ಕಾರ ಮಾಡಿದ್ದನ್ನು ತನ್ನ ಮಕ್ಕಳಿಗೆ ತೋರಿಸಿದ. ಥೂ, ಮನುಷ್ಯರಾ ಇವರು? ಮೂಗಕ್ಕ ಆ ಯಜಮಾನನ ಲೋಟವನ್ನು ಅವನು ಅರ್ಧ ಕುಡಿದಿರುವಾಗಲೇ ಕೈಯಿಂದ ಕಿತ್ತುಕೊಂಡು ಬಚ್ಚಲಿಗೆ ಚೆಲ್ಲಿದಳು. ಆಮೇಲೆ ಅವರು ಬರಲಿಲ್ಲ.

ಹಗಲಿಗೆ ಅವನನ್ನು ನೋಡಿಕೊಳ್ಳಲು ನಾದಿನಿ ಬರುತ್ತಿದ್ದಳು. ಪಕ್ಕದ ಬೀದಿಯವಳು, ಅವನ ತಂಗಿ, ಅವನು ಪುಟ್ಟಿ ಎನ್ನುತ್ತಿದ್ದ. ತಲೆ ಬಾಚಿ, ಪೌಡರು ಬಳಿದು, ಬಾಯಲ್ಲಿ ಏನಾದರೂ ಜಗಿಯುತ್ತಲೇ ಬರುವವಳು. ಕೆಲಸದಲ್ಲಿ ಚುರುಕು, ಅಣ್ಣನ ಮೇಲೆ ಪ್ರೀತಿ, ಅದೆಲ್ಲ ಸರಿ. ಆದರೆ ಅವಳ ನಾಲಿಗೆಗೆ ಸುಳ್ಳು ಅಂದರೆ ಸಕ್ಕರೆ.

ಅವನು ದಿನವೂ ಕೇಳುತ್ತಿದ್ದ ಪ್ರಶ್ನೆ ಒಂದಿತ್ತು: ಅಮ್ಮ ಎಲ್ಲಿ? ಅವನ ಲೆಕ್ಕದಲ್ಲಿ ಅಮ್ಮ ಒಳಕೋಣೆಯಲ್ಲಿ ಇರಬೇಕು. ಹೋಗಿ ನೋಡುತ್ತಾನೆ, ಮಂಚ ಖಾಲಿ. ನಾದಿನಿಯನ್ನು ಕೇಳಿದರೆ, ಪೇಟೆಗೆ ಹೋಗಿದಾಳೆ ಎನ್ನುತ್ತಿದ್ದಳು, ಪಕ್ಕದ ಮನೆಯಲ್ಲಿ ಮಾತಾಡ್ತಾ ಕೂತಿದಾಳೆ ಎನ್ನುತ್ತಿದ್ದಳು, ಒಮ್ಮೊಮ್ಮೆ ಉಪ್ಪುಖಾರ ಹಚ್ಚಿ, ನಿನ್ನ ಮೇಲೆ ಕೋಪ ಮಾಡಿಕೊಂಡು ಹೋಗಿದಾಳೆ ನೋಡು ಎಂದು ನಗಿಸುತ್ತಿದ್ದಳು. ಅವನು ನಕ್ಕು ಮತ್ತೆ ಚಕ್ರಕ್ಕೆ ಕೈ ಹಾಕುತ್ತಿದ್ದ.

ಸಂಜೆ ಮೂಗಕ್ಕ ಬಂದಮೇಲೆ ಅದೇ ಪ್ರಶ್ನೆ. ಅವಳು ನಿಜ ಹೇಳುತ್ತಿದ್ದಳು. ಕಟುಕತನದಿಂದಲ್ಲ, ಮೊದಲು ಕೈ ಹಿಡಿದು, ಎದುರಿಗೆ ಕೂರಿಸಿಕೊಂಡು, ನಿಮಗೆ ಹುಷಾರಿಲ್ಲದಾಗ ಅಮ್ಮ ಹೋಗಿಬಿಟ್ಟರು, ನೋವಿಲ್ಲದೆ ಹೋದರು, ನಾನು ಹತ್ತಿರವೇ ಇದ್ದೆ ಎಂದು ಮೆತ್ತಗೆ ಹೇಳುತ್ತಿದ್ದಳು. ಅವನ ಪಾಲಿಗೆ ಅದು ಪ್ರತಿ ಸಲವೂ ಮೊದಲ ಸಲ ಕೇಳಿದ ಸುದ್ದಿ. ಅತ್ತು ಅತ್ತು ಮೂಗಿನಲ್ಲಿ, ಬಾಯಲ್ಲಿ ನೀರು ಸುರಿದು, ಕೆಲವು ಸಲ ಎದ್ದು ಹೋಗಿ ವಾಂತಿ ಮಾಡಿಕೊಳ್ಳುತ್ತಿದ್ದ. ಅವಳು ಅದನ್ನೆಲ್ಲ ಒರೆಸಿ, ಮುಖ ತೊಳೆಸಿ, ಮಲಗಿಸುತ್ತಿದ್ದಳು. ಸ್ವಲ್ಪ ಹೊತ್ತಿಗೆ ಎದ್ದು ಕೂತು ಕಣ್ಣು ಯಾಕೆ ಉರಿಯುತ್ತಿದೆ ಎನ್ನುತ್ತಿದ್ದ. ಮಾರನೇ ಸಂಜೆ ಮತ್ತೆ ಅದೇ. ನಾದಿನಿ ಎಷ್ಟೋ ಸಲ ಹೇಳಿ ನೋಡಿದಳು, ನೆನಪಿರದ ಮನುಷ್ಯನಿಗೆ ನಿಜ ಆದರೇನು, ಸುಳ್ಳಾದರೇನು ಎಂದು. ಮೂಗಕ್ಕನಿಗೆ ಆ ಮಾತೇ ವಾಕರಿಕೆ ತರುತ್ತಿತ್ತು. ಹೆತ್ತ ತಾಯಿ ಸತ್ತದ್ದನ್ನು ಮಗನಿಂದ ಮುಚ್ಚಿಟ್ಟು, ಪೇಟೆಗೆ ಕಳಿಸಿ, ಹರಟೆಗೆ ಕೂರಿಸಿ, ಗೊಂಬೆಯ ಹಾಗೆ ಆಡಿಸುವುದಾ? ಅವನೇನು ಹುಚ್ಚನಾ? ಅವನಿಗೆ ಅಳುವ ಹಕ್ಕೂ ಬೇಡವಾ?

ಹೀಗೆ ಒಂದು ವರ್ಷದ ಮೇಲೆ ನಡೆಯಿತು. ಆಮೇಲೆ ಅವಳ ಗಮನಕ್ಕೆ ಒಂದು ವಿಷಯ ಬಂತು. ಅವಳು ಪಕ್ಕದಲ್ಲಿ ಕೂತರೆ ಅವನು ಸರಿದು ಕೂರುತ್ತಿದ್ದ. ಲೋಟ ಕೊಟ್ಟರೆ ಕೈಗೆ ತೆಗೆದುಕೊಳ್ಳದೆ, ಅಲ್ಲಿಡು ಎನ್ನುತ್ತಿದ್ದ. ಕೈ ಹಿಡಿದರೆ ಬಿಡಿಸಿಕೊಂಡು ಆ ಕೈಯನ್ನು ತನ್ನ ಅಂಗಿಗೆ ಒರೆಸಿಕೊಳ್ಳುತ್ತಿದ್ದ. ಒರೆಸಿಕೊಳ್ಳುವುದು! ಲೋಕವನ್ನೆಲ್ಲ ಒರೆಸಿಕೊಂಡು ಬದುಕಿದವಳನ್ನು ಕಟ್ಟಿಕೊಂಡ ಗಂಡನೇ ಮುಟ್ಟಿ ಒರೆಸಿಕೊಂಡರೆ ಹೇಗಿರುತ್ತದೆ? ಅವಳು ತಡೆಯಲಾರದೆ ಒಂದು ಸಂಜೆ ಕೇಳಿಯೇಬಿಟ್ಟಳು. ಅವನು ಬಹಳ ಸಂಕೋಚಪಟ್ಟ. ಹೆಂಡತಿ ಅವಳೇ, ಗೊತ್ತಿದೆ. ಅವಳ ಮೇಲೆ ಸಿಟ್ಟೂ ಇಲ್ಲ.

“ನಿನ್ನ ಕಂಡ್ರೆ ಯಾಕೋ ಹೊಟ್ಟೆ ತೊಳಸಿದ ಹಾಗಾಗುತ್ತೆ ಕಣೇ” ಎಂದ. ಯಾಕೆ ಎಂದು ಅವಳು ಕೇಳಿದಾಗ ಸ್ವಲ್ಪ ಯೋಚಿಸಿ ಹೇಳಿದ: “ವಾಸನೆ ಇರಬೇಕು. ನಿನ್ನ ಕೈಯಲ್ಲಿ ಕೆಟ್ಟ ಹಾಲಿನ ವಾಸನೆ ಬರುತ್ತೆ.”

ಬೇರೆ ಯಾವ ಹೆಂಗಸಾದರೂ ಅತ್ತು ಸುಮ್ಮನಾಗುತ್ತಿದ್ದಳೋ ಏನೋ. ಮೂಗಕ್ಕ ಆ ಮಾತನ್ನು ಅಕ್ಷರಶಃ ನಂಬಿದಳು. ಇದು ಅವಳಂಥವರು ಮಾತ್ರ ಮಾಡುವ ತಪ್ಪು. ಅವಳ ಇಡೀ ಬಾಳಿನಲ್ಲಿ ಹೇಸಿಗೆ ಎಂಬುದು ಯಾವತ್ತೂ ಹೊರಗಿನ ಯಾವುದೋ ಕೆಟ್ಟ ವಸ್ತುವಿನಿಂದಲೇ ಬಂದದ್ದು. ಮೂಗು ಹಿಡಿದದ್ದು, ಹೊಟ್ಟೆ ತೊಳಸಿದ್ದು, ಅಷ್ಟೇ. ಹೇಸಿಗೆಯಿದೆ ಅಂದಮೇಲೆ ವಾಸನೆ ಇರಲೇಬೇಕು. ತನ್ನ ಕೈಯನ್ನು ತಾನೇ ಮೂಸಿ ಮೂಸಿ ನೋಡಿದಳು. ಏನೂ ಸಿಗಲಿಲ್ಲ. ತನ್ನ ವಾಸನೆ ತನಗೆ ಸಿಗದಿರಬಹುದು, ಇಷ್ಟು ವರ್ಷದ ಹಾಲು ಚರ್ಮದೊಳಗೇ ಇಳಿದಿರಬಹುದು ಎಂದುಕೊಂಡಳು. ಅತ್ತೆ ಹಾಕಿದ್ದ ಕಟ್ಟನ್ನು ಮುರಿದು, ಜೀವಮಾನದಲ್ಲಿ ಮೊದಲ ಸಲ ಅಂಗಡಿಗೆ ಹೋಗಿ ಗಂಧದ ಘಾಟಿನ ಸೋಪು ತಂದಳು. ಡೇರಿಯಿಂದ ಬಂದವಳು ಬಚ್ಚಲಿಗೆ ಹೋಗಿ ಮೊಣಕೈವರೆಗೆ ನಾರಿನಿಂದ ಉಜ್ಜಿ ಉಜ್ಜಿ ಚರ್ಮ ಕೆಂಪಾಗುವವರೆಗೆ ತೊಳೆಯುತ್ತಿದ್ದಳು. ಬೆಳಿಗ್ಗೆ ಹೋಗುವಾಗಲೂ ತೊಳೆದಳು. ಗಂಡ ಆದರೂ ಸರಿದೇ ಕೂತ. ಅವಳು ಇನ್ನೂ ಘಾಟಿನ ಸೋಪು ತಂದಳು.

ಆಗಬೇಕಾದ್ದು ಆಯಿತು. ಒಂದು ಬೆಳಿಗ್ಗೆ ಅವಳು ಮುಚ್ಚಳ ಎತ್ತಿ ಬಗ್ಗಿದಾಗ ಮೂಗಿಗೆ ಬಂದದ್ದು ಅವಳ ಕೈಯದೇ ಗಂಧ. ಒಳ್ಳೆಯದೆಂದು ಬಿಟ್ಟ ಕ್ಯಾನೊಂದು ಹುಳಿಯಾಗಿತ್ತು. ಅದು ತೊಟ್ಟಿಗೆ ಬಿತ್ತು. ಕಾಯಿಸುವಾಗ ಅಷ್ಟು ಹಾಲೂ ಒಡೆಯಿತು. ಮೇಲ್ವಿಚಾರಕ ಕೂಗಾಡಲಿಲ್ಲ, ಅದೇ ಅವಳಿಗೆ ಇನ್ನೂ ಕಷ್ಟವಾದದ್ದು. ಅವನು ಅವಳ ಕೈಯನ್ನು ಎತ್ತಿ ಮೂಸಿ ನೋಡಿ, ನೀನಾ ಮೂಗಕ್ಕ, ನೀನಾ ಎಂದ. ಒಂದು ವಾರ ಮನೆಯಲ್ಲಿರು, ಆಮೇಲೆ ನೋಡೋಣ, ಇನ್ನೊಂದು ಸಲ ಹೀಗಾದರೆ ಕಟ್ಟೆ ಹತ್ತಿಸುವುದಿಲ್ಲ, ಕ್ಯಾನು ತೊಳೆಯುವ ಕಡೆಗೆ ಹಾಕುತ್ತೇನೆ ಎಂದ. ನಿನ್ನೆವರೆಗೆ ಹಲ್ಲು ಗಿಂಜುತ್ತಿದ್ದ ಲಾರಿಯವರು ಅವಳು ಗೇಟು ದಾಟುವಾಗ ಮೂಗು ಹಿಡಿದುಕೊಂಡು ನಿಂತರು.

ಮನೆಯಲ್ಲಿ ಕೂತ ಆ ವಾರದಲ್ಲಿ ಅವಳು ಮೊದಲ ಸಲ ಹಗಲು ಹೊತ್ತಿನ ಗಂಡನನ್ನು ನೋಡಿದಳು. ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತರೆ ಮುಂದಿನ ಕೋಣೆ ಕಾಣುತ್ತಿತ್ತು. ಅವನು ನಾದಿನಿಯ ಭುಜಕ್ಕೆ ಭುಜ ತಾಗಿಸಿ ಕೂತು, ಅವಳು ಅರ್ಧ ಕಚ್ಚಿ ಕೊಟ್ಟ ಬಿಸ್ಕತ್ತು ತಿನ್ನುತ್ತಿದ್ದ. ಎಂಜಲು! ಅಮ್ಮ ಎಲ್ಲಿ ಎಂದು ಕೇಳಿದ. ಅವಳು ಅಜ್ಜಿಕಥೆಯೊಂದನ್ನು ಕಟ್ಟಿ ಹೇಳಿದಳು. ಅವನು ಅವಳ ತಲೆಗೊಂದು ಮೊಟಕಿ ನಕ್ಕ. ಅದೇ ಹೊತ್ತಿಗೆ ಇವಳು ನೀರಿನ ಲೋಟ ಹಿಡಿದು ಒಳಗೆ ಹೋದಳು. ಅವನ ಮುಖದ ನಗು ಆರಿಹೋಯಿತು. ಕಾಲು ಮಡಚಿ ಗೋಡೆಗೆ ಒತ್ತಿಕೊಂಡು ಕೂತ.

ಮೂಗಕ್ಕನಿಗೆ ತಲೆ ಕೆಟ್ಟಿತು. ನಾದಿನಿಯ ರಟ್ಟೆ ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋಗಿ, ಬಾಯಿಗೆ ಬಂದದ್ದೆಲ್ಲ ಅಂದಳು. ನನ್ನ ಮೇಲೆ ಏನೇನು ಹೇಳಿ ಅವರ ತಲೆ ತುಂಬಿದ್ದೀಯ, ಹೊಟ್ಟೆಗೆ ಏನು ಹಾಕುತ್ತಿದ್ದೀಯ, ನಾಳೆಯಿಂದ ಈ ಮನೆಯ ಹೊಸ್ತಿಲು ತುಳಿಯಬೇಡ ಎಂದಳು. ನಾದಿನಿ ಯಾವಾಗಲೂ ಜಗಿಯುತ್ತಿದ್ದ ಬಾಯನ್ನು ನಿಲ್ಲಿಸಿ ಅತ್ತಿಗೆಯನ್ನು ನೋಡಿದಳು.

“ತಲೆ ತುಂಬೋಕೆ ಅದರಲ್ಲಿ ಏನು ನಿಲ್ಲುತ್ತೆ ಅತ್ತಿಗೆ? ನಾನು ಬೆಳಿಗ್ಗೆ ಹೇಳಿದ್ದು ಮಧ್ಯಾಹ್ನಕ್ಕಿರಲ್ಲ. ಹಾಲಿನ ವಾಸನೆ ಅಂತೀರ, ನಾನೂ ಅಣ್ಣನೂ ಆ ವಾಸನೆಯಲ್ಲೇ ಬೆಳೆದೋರು. ಅಮ್ಮ ಅದೇ ಕೈಯಲ್ಲಿ ನಮಗೆ ತುತ್ತು ಕೊಟ್ಟಿದ್ದು. ಅದಕ್ಕೆ ಹೇಸ್ತಾನಾ ಅವನು? ಬೇಕಾದ್ರೆ ಡಾಕ್ಟ್ರಮ್ಮನ್ನೇ ಕೇಳಿ.”

ಕೇಳೋಣ, ಎದುರಿಗೇ ಕೇಳೋಣ ಎಂದು ಮೂಗಕ್ಕ ಮಾರನೆಯ ದಿನವೇ ಗಂಡನನ್ನು ಕರೆದುಕೊಂಡು ದೊಡ್ಡಾಸ್ಪತ್ರೆಗೆ ಹೊರಟಳು. ನಾದಿನಿಯ ಬಣ್ಣ ಬಯಲಾಗಬೇಕೆಂದೇ ಅವಳನ್ನೂ ಜೊತೆಗೆ ಎಳೆದುಕೊಂಡು ಹೋದಳು.

ಆಸ್ಪತ್ರೆಯ ಆ ಮೊಗಸಾಲೆಯ ವಿಚಾರ ಹೇಳದಿರುವುದೇ ಲೇಸು. ಫಿನಾಯಿಲಿನ ಅಡಿಯಲ್ಲಿ ಉಚ್ಚೆ, ಉಚ್ಚೆಯ ಅಡಿಯಲ್ಲಿ ಯಾರದೋ ಹಳಸಿದ ಬುತ್ತಿ. ಅವಳು ಸೆರಗನ್ನು ಮೂಗಿಗೆ ಒತ್ತಿ ಕೂತಿದ್ದಳು. ಡಾಕ್ಟ್ರಮ್ಮ ವಯಸ್ಸಾದವರು, ದಣಿದ ಮುಖದವರು. ಅವಳ ದೂರನ್ನೆಲ್ಲ ಪೂರ್ತಿ ಕೇಳಿದರು. ಆಮೇಲೆ ಉತ್ತರ ಹೇಳುವ ಬದಲು, ಔಷಧದ ಸಲುವಾಗಿ ಪ್ರತಿ ಸಲ ಅವನ ರಕ್ತ ತೆಗೆಯುವ ನರ್ಸಮ್ಮನನ್ನು ಬರಹೇಳಿದರು. ಅವಳು ಸೂಜಿ ತರಲಿಲ್ಲ, ಬರಿಗೈಯಲ್ಲಿ ಬಂದಳು. ಅವನು ಎದ್ದು ನಗುತ್ತಾ ನಮಸ್ಕಾರ ಮಾಡಿ, ನೀವು ಇಲ್ಲಿಗೆ ಹೊಸಬರಾ, ನಿಮ್ಮನ್ನು ನೋಡಿದ ನೆನಪಿಲ್ಲ ಎಂದ. ಅವಳು ಕೈ ಚಾಚಿ ಒಂದು ಹೆಜ್ಜೆ ಹತ್ತಿರ ಬಂದಳು. ಅವನ ಎಡಗೈ ತಾನಾಗಿ ಬೆನ್ನ ಹಿಂದಕ್ಕೆ ಹೋಯಿತು.

ಕೈ ಯಾಕೆ ಹಿಂದೆ ಇಟ್ಟುಕೊಂಡಿರಿ ಎಂದು ಡಾಕ್ಟ್ರಮ್ಮ ಕೇಳಿದರು. ಅವನು ತನ್ನ ಕೈಯನ್ನು ತಾನೇ ಆಶ್ಚರ್ಯದಿಂದ ನೋಡಿಕೊಂಡು, ಗ್ರೀಸಿನ ಕೈ ಮೇಡಂ, ಅವರ ಬಿಳಿ ಬಟ್ಟೆ ಕೊಳೆ ಆಗುತ್ತೆ ಎಂದ. ಅವನ ಕೈ ಶುಭ್ರವಾಗಿತ್ತು. ಬೆಳಿಗ್ಗೆ ಮೂಗಕ್ಕನೇ ತೊಳೆದಿದ್ದಳು.

ಅವನನ್ನು ನಾದಿನಿಯ ಜೊತೆ ಹೊರಗೆ ಕೂರಿಸಿ ಬಂದಮೇಲೆ ಡಾಕ್ಟ್ರಮ್ಮ ಬಿಡಿಸಿ ಹೇಳಿದರು. ಮಿದುಳಿನ ಒಳಗೆ, ಎರಡು ಕಿವಿಯ ನೇರಕ್ಕೆ, ಆಚೆಗೊಂದು ಈಚೆಗೊಂದು, ಕಿರುಬೆರಳಷ್ಟು ದಪ್ಪದ ಭಾಗವಿದೆ. ಇವತ್ತು ಏನಾಯಿತು, ಯಾರು ಬಂದರು, ಏನಂದರು ಎಂಬುದನ್ನು ಹಿಡಿದು ನೆನಪಾಗಿ ಕಟ್ಟುವುದು ಅದರ ಕೆಲಸ. ಜ್ವರ ಅದನ್ನು ತಿಂದು ಹಾಕಿದೆ. ಆದರೆ ಎಲ್ಲ ನೆನಪೂ ಆ ಒಂದೇ ಬಾಗಿಲಲ್ಲಿ ಒಳಗೆ ಹೋಗುವುದಿಲ್ಲ. ಕೈ ಕಲಿತದ್ದು ಬೇರೆ ಕಡೆ ಹೋಗುತ್ತದೆ, ಅದಕ್ಕೇ ನೀವು ಹೇಳಿದ ಹೊಸ ಚಿಲಕ ತೆಗೆಯಲು ಬರುತ್ತದೆ. ಹೆದರಿಕೆ, ಸಂಕಟ, ಹೇಸಿಗೆ ಇನ್ನೊಂದು ಕಡೆ ಹೋಗುತ್ತವೆ. ಆ ಭಾಗ ಜ್ವರಕ್ಕೆ ಸಿಗದೆ ಉಳಿದುಕೊಂಡಿದೆ. ಅಲ್ಲಿ ಸೇರಿದ್ದು ಅವರಿಗೇ ಗೊತ್ತಾಗುವುದಿಲ್ಲ, ತೆಗೆದು ಹೇಳಲು ಬರುವುದಿಲ್ಲ. ಆದರೆ ಮೈ ಅದರ ಪ್ರಕಾರವೇ ನಡೆಯುತ್ತದೆ. ಯಾಕೆ ಎಂದು ನಾವು ಕೇಳಿದರೆ ಅವರ ಬಾಯಿ ಆ ಕ್ಷಣಕ್ಕೆ ತೋಚಿದ ಕಾರಣವೊಂದನ್ನು ಹೊಂದಿಸಿ ಹೇಳುತ್ತದೆ. ಗ್ರೀಸು ಅಂದರಲ್ಲ, ಹಾಗೆ. ಅದು ಸುಳ್ಳಲ್ಲ, ಅವರು ಅದನ್ನು ನಂಬಿಯೇ ಹೇಳುತ್ತಾರೆ.

ಮೂಗಕ್ಕ ಸೆರಗನ್ನು ಮೂಗಿನಿಂದ ತೆಗೆದಳು. “ಹಾಗಾದ್ರೆ ಹಾಲಿನ ವಾಸನೆ?”

“ವಾಸನೆ ಇಲ್ಲಮ್ಮ” ಎಂದರು ಡಾಕ್ಟ್ರಮ್ಮ. “ನರ್ಸು ಬಂದ್ರೆ ಚುಚ್ತಾರೆ ಅಂತ ಅವರ ಮೈಗೆ ಗೊತ್ತು. ನೀವು ಬಂದ್ರೆ ಏನಾಗುತ್ತೆ?”

ಅವಳಿಗೆ ತಾನು ಕೈ ಹಿಡಿದು ಎದುರಿಗೆ ಕೂರಿಸಿಕೊಂಡ ಪ್ರತಿ ಸಂಜೆ ಕಣ್ಣ ಮುಂದೆ ಬಂತು. ತಾನು ಹೇಳಿದ ನಿಜ ಒಂದೇ ಒಂದು ದಿನವೂ ಅವನಲ್ಲಿ ಉಳಿದಿರಲಿಲ್ಲ. ಅಮ್ಮ ಸತ್ತದ್ದು ಅವನಿಗೆ ಇವತ್ತಿಗೂ ಗೊತ್ತಿಲ್ಲ. ಉಳಿದದ್ದು ಆ ಸಂಕಟ ಮಾತ್ರ, ಅದು ತನ್ನ ಮುಖಕ್ಕೆ, ತನ್ನ ಕೈಗೆ ಅಂಟಿಕೊಂಡಿದೆ. ಸೂಜಿ ಹಿಡಿದವಳು ತಾನು. ಬಾಯಲ್ಲಿ ಹುಳಿನೀರು ಬಂದು ಅವಳು ಕೋಣೆಯ ಮೂಲೆಯಲ್ಲಿದ್ದ ಗಲೀಜು ಬಕೆಟ್ಟಿಗೇ ಬಗ್ಗಿದಳು.

ಬಾಯಿ ತೊಳೆದು ಬಂದು, ಹಾಗಾದರೆ ಸುಳ್ಳು ಹೇಳಬೇಕಾ ಎಂದು ಕೇಳಿದಳು. ಡಾಕ್ಟ್ರಮ್ಮ, ಸುಳ್ಳು ಹೇಳಿ ಅಂತಾನೂ ನಾನು ಅನ್ನುವುದಿಲ್ಲ, ನಿಜ ಹೇಳಿ ಅಂತಾನೂ ಅನ್ನುವುದಿಲ್ಲ, ಯಾವುದು ಎಲ್ಲಿ ಉಳಿಯುತ್ತದೆ ಎಂದಷ್ಟೇ ಹೇಳಿದೆ ಎಂದರು. ಈಗ ಆಗಿರುವುದು ಹೋಗುತ್ತದಾ ಎಂದರೆ, ಅಳಿಸಲು ಬರುವುದಿಲ್ಲ, ಅದರ ಮೇಲೆ ಒಳ್ಳೆಯದು ಬೀಳುತ್ತಾ ಬಂದರೆ ಮಂಕಾಗಬಹುದು, ನಿಧಾನ ಎಂದರು. ಬೇರೆ ರೋಗಿಗಳು ಬಾಗಿಲು ತಳ್ಳುತ್ತಿದ್ದರು.

ಆ ಸಂಜೆ ಅವನು ಒಳಕೋಣೆಗೆ ಹೋಗಿ ಬಂದು ಬಾಗಿಲಲ್ಲಿ ನಿಂತು ಕೇಳಿದ, ಅಮ್ಮ ಎಲ್ಲೇ? ನಾದಿನಿ ಚಪ್ಪಲಿ ಹಾಕಿಕೊಳ್ಳುತ್ತಿದ್ದವಳು ಹಾಗೇ ನಿಂತಳು. ಮೂಗಕ್ಕನಿಗೆ ಅತ್ತೆಯ ಕೊನೆಯ ಹೊತ್ತು ನೆನಪಾಯಿತು, ಅವರ ತಣ್ಣಗಾದ ಪಾದ ನೆನಪಾಯಿತು. ಆ ಸಾವನ್ನು ಕಂಡವಳು ತಾನೊಬ್ಬಳೇ. ಈಗ ಬಾಯಿ ತೆರೆದು ಅದನ್ನು ಇಲ್ಲವೆನ್ನಬೇಕು.

“ಪೇಟೆಗೆ ಹೋಗಿದಾರೆ. ಬರ್ತಾರೆ” ಎಂದಳು.

ಅವನು ಹೂಂ ಎಂದು ಹೋಗಿ ಚಕ್ರದ ಮುಂದೆ ಕೂತ. ಅವಳು ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸಿದಳು, ಉಗಿದಳು, ಮತ್ತೆ ಮುಕ್ಕಳಿಸಿದಳು. ಬಾಯೆಲ್ಲ ಕೊಳೆತ ಹಾಗಿತ್ತು. ಹೊರಗೆ ಬರುವಷ್ಟರಲ್ಲಿ ಅವನು ಮತ್ತೆ ಕೇಳಿದ. ಅವಳು ಮತ್ತೆ ಹೇಳಿದಳು. ಅವನು ಸರಿದು ಕೂರುವುದೇನೂ ನಿಲ್ಲಲಿಲ್ಲ. ಆ ದಿನ ನಿಲ್ಲಲಿಲ್ಲ, ಆ ವಾರ ನಿಲ್ಲಲಿಲ್ಲ. ಸುಳ್ಳು ಹೇಳಿಯೂ ಅವನು ಕೈಯನ್ನು ಅಂಗಿಗೆ ಒರೆಸಿಕೊಳ್ಳುವುದನ್ನು ನೋಡಬೇಕಾಗಿ ಬಂದಾಗ, ಎಲ್ಲ ಹಾಳಾಗಿ ಹೋಗಲಿ, ಮತ್ತೆ ನಿಜವನ್ನೇ ಹೇಳಿಬಿಡುತ್ತೇನೆ ಎಂದು ನಾಲಿಗೆ ತುದಿಗೆ ಬಂದ ದಿನಗಳಿದ್ದವು. ನುಂಗಿಕೊಂಡಳು.

ಘಾಟಿನ ಸೋಪನ್ನೆಲ್ಲ ತೆಗೆದು ಬೀದಿಯ ಕಸಕ್ಕೆ ಎಸೆದಳು. ಡೇರಿಗೆ ಹೋದಳು. ಮೇಲ್ವಿಚಾರಕ ಅವಳ ಮುಂದೆ ಲೋಟಗಳನ್ನು ಇಟ್ಟು ಪರೀಕ್ಷೆ ಮಾಡಿ, ಕಟ್ಟೆ ಹತ್ತಿಸಿದ. ಬೆಳಿಗ್ಗೆ ಕೆಟ್ಟ ಹಾಲನ್ನು ಕಾಲಿನಿಂದ ತಟ್ಟಿ ವಾಪಸ್ ಎನ್ನುವ ಅದೇ ಹೆಂಗಸು ಸಂಜೆ ಮನೆಗೆ ಬಂದು ಸತ್ತವರನ್ನು ಪೇಟೆಗೆ ಕಳಿಸುತ್ತಿದ್ದಳು. ಲಾರಿಯವರು ಈ ಸಂಗತಿ ಕೇಳಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು. ಮೊದಮೊದಲು ಹೇಳಿದ್ದನ್ನೇ ಹೇಳುತ್ತಿದ್ದವಳು, ಆಮೇಲಾಮೇಲೆ ಹೊಸದು ಹೊಸದು ಕಟ್ಟತೊಡಗಿದಳು: ದರ್ಜಿಯ ಹತ್ತಿರ ಹೋಗಿದಾರೆ, ಲಾರಿಯವನ ಜೊತೆ ಜಗಳ ಹತ್ತಿದೆಯಂತೆ, ಗೆದ್ದೇ ಬರ್ತಾರೆ. ಅವನು ನಗುತ್ತಿದ್ದ, ಅಮ್ಮನಲ್ಲವಾ ಎನ್ನುತ್ತಿದ್ದ. ಒಂದು ದಿನ ಬಾಯಿ ಮುಕ್ಕಳಿಸುವುದನ್ನೇ ಮರೆತಳು. ಅದು ನೆನಪಾದಾಗ ತನ್ನ ಮೇಲೆ ಅವಳಿಗೆ ಎಂಥ ಅಸಹ್ಯ ಹುಟ್ಟಿತೆಂದರೆ ಆ ಹೊತ್ತಿನ ಊಟ ಬಿಟ್ಟಳು. ಸುಳ್ಳು ರೂಢಿಯಾಗುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಮನೆಯಲ್ಲಿ ಈಗ ಅತ್ತೆ ಸತ್ತಿರಲಿಲ್ಲ. ನಾದಿನಿಯಂತೂ, ಅಮ್ಮ ಬರಲಿ, ನಿನ್ನ ಬಗ್ಗೆ ಹೇಳ್ತೀನಿ ಎಂದು ಅಣ್ಣನನ್ನು ಹೆದರಿಸುವ ಮಟ್ಟಕ್ಕೆ ಬಂದಿದ್ದಳು. ಹೆತ್ತ ಮಗಳಿಗೇ ಅಳು ಬೇಡವಾಗಿತ್ತು. ಸತ್ತವರಿಗಾಗಿ ಅಳಬೇಕೆನ್ನಿಸಿದರೆ ಮೂಗಕ್ಕ ಡೇರಿಯ ಹಿಂದೆ, ಕ್ಯಾನು ತೊಳೆಯುವ ನೀರು ಹರಿದುಹೋಗುವಲ್ಲಿ ನಿಂತು ಅತ್ತು, ಮುಖ ಒರೆಸಿಕೊಂಡು, ಬ‌ಸ್ಸು ಹತ್ತುತ್ತಿದ್ದಳು. ಮನೆಗೆ ಅಳುಮುಖ ಹೊತ್ತುಕೊಂಡು ಹೋಗುವಂತಿರಲಿಲ್ಲ.

ತಿಂಗಳುಗಳು ಕಳೆದವು. ಒಂದು ಸಂಜೆ ನಾದಿನಿ ಹೊರಟುಹೋದಮೇಲೆ ಅವಳು ಎಂದಿನಂತೆ ಅವನಿಂದ ದೂರಕ್ಕೆ, ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತು ಕಾಲು ನೀವಿಕೊಳ್ಳುತ್ತಿದ್ದಳು. ಅವನು ಒಳಕೋಣೆಗೆ ಹೋಗಿ ಬಂದ, ಕೇಳಿದ. ಪಕ್ಕದ ಮನೆಯಲ್ಲಿದ್ದಾರೆ, ಈಗ ಬರ್ತಾರೆ ಎಂದಳು. ಅವನು ಬಂದು ಮಂಚದ ಮೇಲೆ ಕೂತು, ಸುಮ್ಮನೆ ಅವಳನ್ನು ನೋಡುತ್ತಿದ್ದ. ಅವಳು ಹೊಟ್ಟೆ ತೊಳಸುತ್ತದೆ ಎನ್ನುತ್ತಾನೇನೋ ಎಂದು ಎದ್ದು ಅಡುಗೆಮನೆಗೆ ಹೊರಟಳು. ಅವನು ಕೈ ಚಾಚಿ ಅವಳ ಮಣಿಕಟ್ಟು ಹಿಡಿದ. ಅಂಗಿಗೆ ಒರೆಸಿಕೊಳ್ಳಲಿಲ್ಲ. ಎಳೆದು ತನ್ನ ಪಕ್ಕದಲ್ಲಿ ಕೂರಿಸಿಕೊಂಡು, ಅವಳ ಭುಜಕ್ಕೆ ತಲೆ ಒರಗಿಸಿದ.

“ನೀನಿದ್ರೆ ಯಾಕೋ ಸಮಾಧಾನ ಕಣೇ. ಅಮ್ಮ ಬರೋವರೆಗೂ ಇಲ್ಲೇ ಕೂತಿರು, ಎಲ್ಲಿಗೂ ಹೋಗ್ಬೇಡ” ಎಂದ.

ಆಗಲಿ ಎಂದು ಅವಳು ಅಲ್ಲೇ ಕೂತಳು.